ಎಡಗೆನ್ನೆ

ತಣ್ಣಗಿನ ಸ್ಪಂಜು ಕೆನ್ನೆಗೆ ತಾಗುತ್ತದೆ, ಪಕ್ಕದ ಕೋಣೆಯಲ್ಲಿ ಯಾರೋ ಬೆಳ್ಳುಳ್ಳಿ ಅನ್ನದ ಡಬ್ಬಿ ತೆರೆದಿದ್ದಾರೆ, ಆ ವಾಸನೆಗೆ ನೀಲಾಳ ಹೊಟ್ಟೆ ಚುರುಗುಟ್ಟುತ್ತದೆ, ಆದರೆ ಇವತ್ತು ಅವಳಿಗೆ ಡಬ್ಬಿ ಇಲ್ಲ, ಇವತ್ತು ಅವಳು ಅತಿಥಿ, ಅತಿಥಿಗೆ ಹಣ್ಣಿನ ತಟ್ಟೆ, ಬಿಗಿದ ಪ್ಲಾಸ್ಟಿಕ್ಕಿನೊಳಗೆ ಬೆವರುತ್ತಿರುವ ದ್ರಾಕ್ಷಿ, ಮುಟ್ಟಬೇಡಿ ತೀತಾ, ತುಟಿ ಬಣ್ಣ ಹೋಗ್ಬಿಡುತ್ತೆ ಎಂದು ಬೋಯೆಟ್ ಆಗಲೇ ಗದರಿಸಿದ್ದಾನೆ, ತೀತಾ ಎಂದರೆ ಚಿಕ್ಕಮ್ಮ, ಈ ಟೀವಿ ಸ್ಟುಡಿಯೋದಲ್ಲಿ ಮೇಕಪ್ ಮಾಡುತ್ತಲೇ ತಲೆ ನರೆತ ಬೋಯೆಟ್, ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳ ಮುಖ ಮುಟ್ಟದವನು — ಆಳಿನ ಪಾತ್ರದವರು ತಾವೇ ಬಳಿದುಕೊಳ್ಳಬೇಕಿತ್ತು, ಕಾರಿಡಾರಿನ ಕೊನೆಯ ಕನ್ನಡಿ, ಮಿಣುಕುವ ಬಲ್ಬು, ಇನ್ನೊಂದು ಪದರ ಕಪ್ಪು ಹಾಕ್ಕೊಳ್ಳಿ, ಯಜಮಾನಿ ಪಕ್ಕ ನಿಂತಾಗ ನೀವು ಕಪ್ಪಗೇ ಕಾಣಬೇಕು ಎಂದು ಹುಕುಂ — ಈಗ ಅದೇ ಮುಖಕ್ಕೆ ಬಿಳಿ, ಹಿಟ್ಟು ಬಳಿದಂತೆ ಬಿಳಿ, ಇದು ನನ್ನ ಬಣ್ಣ ಅಲ್ಲ ಕಣೋ ಎಂದರೆ ಬೋಯೆಟ್ ನಗುತ್ತಾನೆ, ನೀವೀಗ ಇಂಟರ್‌ನ್ಯಾಷನಲ್ ತೀತಾ, ಹೊಳೀಬೇಕು ನೀವು. ಹೊಳೆಯಬೇಕಂತೆ. ಎಪ್ಪತ್ತು ದಾಟಿದ ಮೇಲೆ ಹೊಳೆಯಬೇಕಂತೆ. ಬೆಳಿಗ್ಗೆ ಮುಂಬಾಗಿಲಲ್ಲಿ ಕಾವಲಿನವನು ಎದ್ದು ನಿಂತು ಸಲಾಮು ಹೊಡೆದ, ಅದೇ ಮನುಷ್ಯ, ಹಿಂದ್ಗಡೆ ಗೇಟಿಂದ ಬಾಮ್ಮಾ ಎಂದು ಗಲ್ಲ ಎತ್ತಿ ತೋರಿಸುತ್ತಿದ್ದವನು, ಅವನ ತಲೆಯ ಮೇಲೆ ಬ್ಯಾನರು, ನಾಡಿನ ಹೆಮ್ಮೆ ಲಿಯೊನೀಲಾ ಡಿಮಾಕುಲಂಗನ್, ಮನೆತನದ ಹೆಸರಿನಲ್ಲಿ ಒಂದು ಅಕ್ಷರ ನುಂಗಿಹಾಕಿದ್ದಾರೆ, ಯಾವುದಕ್ಕೂ ಕೊರತೆಯಾಗದವರು ಎಂದು ಆ ಹೆಸರಿಗೆ ಅರ್ಥ, ಹುಟ್ಟೂರು ಬಟಂಗಾಸಿನಲ್ಲಿ ಅಪ್ಪ ಮೀನಿನ ಬುಟ್ಟಿ ಹೊತ್ತು ನಡೆಯುತ್ತ ಅದನ್ನು ಹೇಳಿ ಹೇಳಿ ನಗುತ್ತಿದ್ದ, ಹೆಸರಿಗೇ ಕೊರತೆ ಬಂತು ಅಪ್ಪಾ, ನೋಡು ಬಾ.

ಕಣ್ಣು ಮುಚ್ಚಿ ತೀತಾ. ಮುಚ್ಚುತ್ತಾಳೆ. ರೆಪ್ಪೆಯ ಹಿಂದೆ ಅವರೆಲ್ಲ ಸಾಲಾಗಿ ಬರುತ್ತಾರೆ, ಅಡುಗೆಯವಳು, ಸೂಲಗಿತ್ತಿ, ತರಕಾರಿ ಮಾರುವವಳು, ಚರ್ಚಿನ ಬಾಗಿಲಲ್ಲಿ ಮೇಣದ ಬತ್ತಿ ಮಾರುವವಳು, ನಾಯಕಿಯ ಗುಟ್ಟನ್ನು ಖಳನಾಯಕಿಗೆ ಹೇಳಿ ಮೂರನೇ ವಾರ ಮೆಟ್ಟಿಲಿಂದ ಬಿದ್ದು ಸಾಯುವವಳು, ಎಷ್ಟು ಸಲ ಸತ್ತಿದ್ದಾಳೆ, ಸತ್ತ ಸಂಜೆ ಬಸ್ಸು ಹಿಡಿದು ಮನೆಗೆ ಹೋಗಿ ಪೋಲ್ದೊನ ಜೊತೆ ಒಣಮೀನು ಹುರಿದು ತಿಂದಿದ್ದಾಳೆ — ಪೋಲ್ದೊ, ಅವಳ ಗಂಡ, ಜೀಪ್ನಿ ಓಡಿಸುತ್ತಿದ್ದವನು, ತನ್ನ ಗಾಡಿ ಹತ್ತಿದವರಿಗೆಲ್ಲ ನಿನ್ನೆ ಸತ್ತಳಲ್ಲ ಆ ಅಡುಗೆಯವಳು, ನನ್ನ ಹೆಂಡ್ತೀನೇ ರೀ ಅದು ಎನ್ನುತ್ತಿದ್ದ, ಯಾರೂ ನಂಬುತ್ತಿರಲಿಲ್ಲ, ಯಾವ ಅಡುಗೆಯವಳು ಎನ್ನುತ್ತಿದ್ದರು. ಈಗ ನಂಬುತ್ತಿದ್ದರು. ಈಗ ಪೋಲ್ದೊ ಇಲ್ಲ. ಡೇನ್ಮಾರ್ಕಿನ ಸಿನಿಮಾ ನಿರ್ದೇಶಕಿ, ಬಿರ್ಗಿಟ್ಟೆ, ಫೋನು ಮಾಡಿಸುವ ಹೊತ್ತಿಗೆ ಅವನನ್ನು ಮಣ್ಣು ಮಾಡಿ ವರ್ಷವಾಗಿತ್ತು, ನಮ್ಮ ಸಿನಿಮಾದಲ್ಲಿ ಒಬ್ಬ ತಾಯಿ ಇದಾಳೆ, ಹಡಗಲ್ಲಿ ಸತ್ತ ಮಗನ ಹೆಣ ತಗೊಂಡು ಹೋಗೋಕೆ ನಮ್ಮೂರಿಗೆ ಬರ್ತಾಳೆ, ಮಾತು ಕಡಿಮೆ, ಕೇಳಿಸಿಕೊಳ್ಳೋದೇ ಜಾಸ್ತಿ. ಕೇಳಿಸಿಕೊಳ್ಳುವುದು! ನೀಲಾ ನಕ್ಕಿದ್ದಳು, ನಗು ಕೆಮ್ಮಾಗಿ ದುಭಾಷಿ ಹುಡುಗಿ ಗಾಬರಿಯಾಗಿದ್ದಳು. ಅಲ್ಲಿಯ ಬಂದರು, ಮೂಳೆಯೊಳಗೆ ಇಳಿಯುವ ಚಳಿ, ಬೂದುಬಣ್ಣದ ನೀರು, ಎದುರಿಗೆ ಅಧಿಕಾರಿಯ ವೇಷದ ನಟ ಏನೇನೋ ಹೇಳುತ್ತಿದ್ದಾನೆ, ಅವಳು ತಲೆ ಸ್ವಲ್ಪ ಓರೆ ಮಾಡಿ, ಬಲಕಿವಿ ಮುಂದೆ ತಂದು, ಅವನ ತುಟಿಗಳನ್ನೇ ನೋಡುತ್ತ ನಿಂತಿದ್ದಾಳೆ, ಕಟ್ ಎಂದ ಮೇಲೂ ಯಾರೂ ಅಲುಗಾಡಲಿಲ್ಲ, ಬಿರ್ಗಿಟ್ಟೆ ಓಡಿ ಬಂದು ಕೈ ಹಿಡಿದುಕೊಂಡಳು, ಕಣ್ಣಲ್ಲಿ ನೀರು, ಹೀಗೆ ಕೇಳಿಸಿಕೊಳ್ಳೋದು ಎಲ್ಲಿ ಕಲಿತ್ರಿ ನೀವು, ದುಭಾಷಿ ಹುಡುಗಿ ಅದನ್ನು ತಗಾಲೊಗ್‌ನಲ್ಲಿ ಹೇಳಿದಳು. ಎಲ್ಲಿ ಕಲಿತೆ? ಪತ್ರಿಕೆಗಳು ಬರೆದವು, ಇಡೀ ದೇಹವನ್ನು ಕಿವಿಯಾಗಿಸಿಕೊಂಡ ಕಲಾವಿದೆ, ಒಂದು ಓರೆಯಲ್ಲಿ ಒಂದು ಖಂಡದ ದುಃಖ. ಯುರೋಪಿನ ಸಮುದ್ರದ ದಂಡೆಯ ಊರೊಂದರ ದೊಡ್ಡ ಸಭಾಂಗಣದಲ್ಲಿ ಪ್ರಶಸ್ತಿಗೆ ಹೆಸರು ಕೂಗಿದಾಗ ಅವಳಿಗೆ ಕೇಳಿಸಲೇ ಇಲ್ಲ, ಎಡಗಡೆಯ ಸ್ಪೀಕರಿನಿಂದ ಕೂಗಿದರು, ಜನ ಎದ್ದು ನಿಂತ ಮೇಲೆ ಎಲ್ಲೋ ಬೆಂಕಿ ಬಿತ್ತೆಂದು ಅವಳೂ ಎದ್ದಳು, ಅದನ್ನೂ ಬರೆದರು, ಎಂಥ ವಿನಯ ಎಂದು.

ವಿನಯವಂತೆ. ಎಡಕಿವಿ ಸತ್ತು ಮೂವತ್ತು ವರ್ಷದ ಮೇಲಾಯಿತು, ಅಷ್ಟೇ. ಬಂಗಲೆಯ ಮೆಟ್ಟಿಲಿನ ದೃಶ್ಯ, ಸೂಪು ಚೆಲ್ಲಿದ ಆಳು, ಯಜಮಾನಿಯಾಗಿ ಕ್ಲಾರಿಸಾ ಅಲ್ಟಮಿರಾನೊ — ಆಗ ಆ ಹೆಸರು ಕೇಳಿದರೆ ಬೀದಿಯೇ ಖಾಲಿಯಾಗಿ ಟೀವಿ ಮುಂದೆ ಕೂರುತ್ತಿತ್ತು — ಗಾಳಿಯಲ್ಲಿ ಕೈ ಬೀಸಿ ಆಮೇಲೆ ಸದ್ದು ಸೇರಿಸುವುದು ರೂಢಿ, ಕ್ಲಾರಿಸಾ ಒಪ್ಪಲಿಲ್ಲ, ಸುಳ್ಳು ಏಟಿಗೆ ನಂಗೆ ಮೂಡೇ ಬರಲ್ಲ ದಿರೆಕ್, ದಿರೆಕ್ ಎಂದರೆ ನಿರ್ದೇಶಕ ಅಮಾಡೊ, ಅವನು ಸಿಗರೇಟು ಬಾಯಲ್ಲಿಟ್ಟುಕೊಂಡೇ ಇವಳ ಕಡೆ ನೋಡಿದ, ನೀಲಾ, ತಡ್ಕೋತೀಯಲ್ಲ? ತಡ್ಕೋತೀನಿ ದಿರೆಕ್. ಯಾಕೆ ಹಾಗೆಂದೆ, ಯಾಕೆಂದರೆ ತಡೆದುಕೊಳ್ಳದವಳ ಜಾಗಕ್ಕೆ ಗೇಟಿನ ಹೊರಗೆ ಇನ್ನೊಬ್ಬಳು ನಿಂತಿದ್ದಳು. ಮೊದಲನೇದಕ್ಕೆ ಬೆಳಕು ಸರಿಯಿಲ್ಲ, ಮುಂದಿನದಕ್ಕೆ ಕ್ಲಾರಿಸಾಳ ಕೂದಲು ಮುಖಕ್ಕೆ ಬಂತು, ಆಮೇಲಿನದಕ್ಕೆ ಇವಳು ಏಟಿಗೆ ಮೊದಲೇ ಕಣ್ಣು ಮುಚ್ಚಿದಳು, ಏಯ್ ನೀನು ಕಣ್ಣು ಮುಚ್ಚಿದ್ರೆ ಹೇಗೆ, ಏಟು ಬರುತ್ತೆ ಅಂತ ಆಳಿಗೆ ಗೊತ್ತಿರುತ್ತಾ? ಎಂದು ದಿರೆಕ್ ರೇಗಿದ. ಕೊನೆಯದು ಅಂಗೈಯಲ್ಲ, ಅಂಗೈಯ ಬುಡ, ಕೆನ್ನೆಯಲ್ಲ, ಕಿವಿ. ಒಂದು ಶಿಳ್ಳೆ ಹೊಡೆದುಕೊಂಡಿತು ಒಳಗೆ, ಕುದಿಯುವ ಕೆಟಲ್ಲಿನ ಶಿಳ್ಳೆ, ಅದು ಕ್ರಿಸ್‌ಮಸ್ ತನಕ ನಿಲ್ಲಲಿಲ್ಲ, ನಿಂತ ದಿನ ಸುಖವೆನಿಸಿತು, ಆಮೇಲೆ ತಿಳಿಯಿತು ನಿಂತದ್ದು ಶಿಳ್ಳೆ ಮಾತ್ರ ಅಲ್ಲ ಎಂದು. ಅವತ್ತು ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಕ್ಲಾರಿಸಾ ಕೈ ಕೊಡವಿಕೊಳ್ಳುತ್ತ, ನೋಡಿ, ನನ್ನ ಕೈನೇ ಉರೀತಿದೆ, ಪಾಪ ನಿನ್ನ ಕೆನ್ನೆ ಏಟು ತಿನ್ನೋಕೇ ಮಾಡಿಸಿದ ಹಾಗಿದೆ ಕಣೇ ಎಂದು ನಕ್ಕಳು, ಮುಂದಿನ ಧಾರಾವಾಹಿಗೂ ಅದರ ಮುಂದಿನದಕ್ಕೂ ಇವಳನ್ನೇ ಕೇಳಿ ಹಾಕಿಸಿಕೊಂಡಳು. ಅದೇ ಅನ್ನ. ಅನ್ನಕ್ಕೆ ದಾರಿ ಮಾಡಿಕೊಟ್ಟದ್ದೂ ಅದೇ ಕೈ, ಅದಕ್ಕೇ ಬಾಯಿಬಿಡಲಿಲ್ಲ, ಡಾಕ್ಟರಿಗೆ ಬಚ್ಚಲಲ್ಲಿ ಜಾರಿದೆ ಎಂದಳು, ನಿಜ ಗೊತ್ತಿದ್ದವನು ಪೋಲ್ದೊ ಒಬ್ಬನೇ, ಆಮೇಲೆ ಸಾಯುವ ತನಕ ಅವನು ಅವಳ ಬಲಗಡೆಗೇ ನಡೆದ, ಬಲಗಡೆಗೇ ಮಲಗಿದ, ಜಗಳವಾಡಿದರೂ ಸುತ್ತು ಬಂದು ಬಲಗಡೆ ನಿಂತೇ ಬೈಯುತ್ತಿದ್ದ.

ಬನ್ನಿ ಬನ್ನಿ ತೀತಾ, ನಿಮ್ಮದೇ ಈಗ — ಯಾರೋ ಭುಜ ಹಿಡಿದು ನಡೆಸುತ್ತಾರೆ, ಕೇಬಲ್ಲುಗಳ ಮೇಲೆ ಹೆಜ್ಜೆ, ಬೆಳಕು ಮುಖಕ್ಕೆ ರಾಚುತ್ತದೆ, ಮಧ್ಯಾಹ್ನದ ಶೋ, ಬೀಸಣಿಗೆ ಹಿಡಿದ ಹೆಂಗಸರ ಸಾಲು ಸಾಲು, ಅವರೇ, ಅವಳ ಸಾವನ್ನೆಲ್ಲ ನೋಡಿ ಮರೆತವರು, ಮೈಕು ಹಿಡಿದ ಕಿಕೊ ಬೆಳ್ಳಿ ಬಣ್ಣದ ಕೋಟಿನಲ್ಲಿ ಕುಣಿಯುತ್ತಿದ್ದಾನೆ, ತೀತಾ ನೀಲಾ, ನಮ್ಮ ನಾಡಿನ ಹೆಮ್ಮೆ, ನಿಮಗೋಸ್ಕರ ಒಂದು ಚಿಕ್ಕ ವಿಡಿಯೋ, ಅಳಬಾರದು ಹಾ! ಪರದೆ ಬೆಳಗುತ್ತದೆ. ಏಟು. ಅವಳ ಮುಖ ಬಲಕ್ಕೆ ತಿರುಗುತ್ತದೆ. ಇನ್ನೊಂದು ಏಟು, ಇನ್ನೊಂದು ಸೀರಿಯಲ್ಲು, ಇನ್ನೊಂದು ಏಪ್ರನ್ನು, ಮುಖ ಬಲಕ್ಕೆ. ಅಷ್ಟೇ ಸಿಕ್ಕಿತೇ ಇವರಿಗೆ? ಅಷ್ಟೇ ಇದ್ದದ್ದು, ಬಾಕಿ ಕಡೆಯೆಲ್ಲ ಅವಳ ಬೆನ್ನು, ಟ್ರೇ ಹಿಡಿದ ಕೈ, ಮಸುಕು, ಕ್ಯಾಮೆರಾ ಅವಳ ಮುಖಕ್ಕೆ ಬಂದದ್ದೇ ಅದಕ್ಕೆ ಏಟು ಬೀಳುವಾಗ. ಪ್ರತಿ ಏಟಿಗೂ ಡೋಲಿನ ಸದ್ದು ಸೇರಿಸಿದ್ದಾರೆ, ಜನ ನಗುತ್ತಿದ್ದಾರೆ, ಬೀಸಣಿಗೆಗಳು ನಗುತ್ತಿವೆ, ಪರದೆಯ ಮೇಲೆ ಅವಳು ಏಟು ತಿನ್ನುತ್ತ ತಿನ್ನುತ್ತ ಮುದುಕಿಯಾಗುತ್ತಿದ್ದಾಳೆ. ಅವಳೂ ನಗುತ್ತಾಳೆ, ಹಲ್ಲು ಕಾಣುವಂತೆ, ಕ್ಯಾಮೆರಾ ಇದೆ. ಮತ್ತೆ, ಸರ್‌ಪ್ರೈಸ್! — ಹೂಗುಚ್ಛ ಹಿಡಿದು ಬರುತ್ತಿದ್ದಾಳೆ, ಬಿಳಿ ಪ್ಯಾಂಟು, ಎಳೆದು ಬಿಗಿಸಿದ ಮುಖ, ಕ್ಲಾರಿಸಾ, ಜನ ಎದ್ದು ಕೂಗುತ್ತಿದ್ದಾರೆ, ಇವಳು ಬಂದಾಗ ಕೂತೇ ಇದ್ದ ಜನ. ಒಂದೇ ಒಂದು ಸಲ ಮಿಸ್ ಕ್ಲಾರಿಸಾ, ಹಳೇ ನೆನಪಿಗೆ, ಎಂದು ಕಿಕೊ, ಹೊಡೀರಿ! ಹೊಡೀರಿ! ಎಂದು ಜನ, ಕ್ಲಾರಿಸಾ ಎದೆಯ ಮೇಲೆ ಕೈಯಿಟ್ಟು, ಅಯ್ಯೋ ಬೇಡಪ್ಪ, ಈಗ ಇವಳು ದೊಡ್ಡ ಮನುಷ್ಯಳು, ನನ್ನ ಮೇಲೆ ಕೇಸ್ ಹಾಕಿದ್ರೆ? ನಗು. ಕೈ ಎತ್ತುತ್ತಾಳೆ. ಮತ್ತು ನೀಲಾಳ ಮೈ, ಹಾಳು ಮೈ, ತಾನೇ ತಯಾರಾಗುತ್ತದೆ, ಭುಜ ಸಡಿಲಾಗುತ್ತದೆ, ಕಚ್ಚಿದ ದವಡೆ ಬಿಡುತ್ತದೆ, ಕುತ್ತಿಗೆ ತಿರುಗುವ ದಿಕ್ಕು ಹಿಡಿಯುತ್ತದೆ, ಕಣ್ಣು ಮಾತ್ರ ಮುಚ್ಚುವುದಿಲ್ಲ, ಆಳಿಗೆ ಗೊತ್ತಿರಬಾರದು — ಎಷ್ಟು ಚೆನ್ನಾಗಿ ಕಲಿಸಿದ್ದಾರೆ, ಥೂ, ಪ್ರಶಸ್ತಿ ಬಂದ ಮೈ ಇದು, ಇದಕ್ಕೆ ಬರುವುದು ಇದೊಂದೇ.

ಈ ಕಡೆ ಕಿವಿ ಕೇಳಲ್ಲ ಮ್ಯಾಡಮ್. ಯಾರು ಹೇಳಿದ್ದು? ಅವಳೇ. ಮೈಕು ಅದನ್ನು ಹಿಡಿದುಬಿಟ್ಟಿದೆ, ಸಣ್ಣ ದನಿ, ಅಳುವಿಲ್ಲ. ಆ ಮೆಟ್ಟಿಲ ಮೇಲೆ ಹೊಡೆದಿರಲ್ಲ, ಸೂಪು ಚೆಲ್ಲಿದ್ದಕ್ಕೆ, ಅವತ್ತೇ ಹೋಯ್ತು. ನಿಮಗೆ ಯಾರೂ ಹೇಳಿಲ್ಲ ಅನ್ಸುತ್ತೆ. ನಾನೂ ಹೇಳಲಿಲ್ಲ. ಹೊಡೆಯೋದೇ ಆದ್ರೆ ಹೊಡೀರಿ, ಅಲ್ಲಿ ಇನ್ನು ಹೋಗೋಕೆ ಏನೂ ಉಳಿದಿಲ್ಲ. ಬೀಸಣಿಗೆಗಳು ನಿಂತವು. ಈಗ ಕೇಳುತ್ತಾರೆ, ಈಗ ಯಾರಾದರೂ ಏನಾದರೂ ಕೇಳುತ್ತಾರೆ, ಒಬ್ಬರಾದರೂ, ಎಂದು ಒಂದೊಂದೇ ಸಾಲನ್ನು ನೋಡುತ್ತಾಳೆ — ನೋಡಿದ್ರಾ! ಎಂದು ಕಿಕೊ ಕಿರುಚುತ್ತಾನೆ, ನೋಡಿದ್ರಾ ರೀ ಇದನ್ನ! ರೋಮಾಂಚನ ಆಯ್ತು ನಂಗೆ! ಇದಕ್ಕೇ ಅಲ್ವಾ ಯುರೋಪಿನವರು ತಲೆ ಬಾಗಿದ್ದು, ನಿಂತ ಜಾಗದಲ್ಲೇ, ಡೈಲಾಗ್ ಯಾರೂ ಬರೆದುಕೊಟ್ಟಿಲ್ಲ! ಇಡೀ ಸಭೆ ಎದ್ದು ನಿಲ್ಲುತ್ತದೆ, ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ ತಟ್ಟುತ್ತಿದ್ದಾಳೆ, ಬೋಯೆಟ್ ಪರದೆಯ ಬದಿಯಲ್ಲಿ ಬ್ರಷ್ಷು ಕಂಕುಳಲ್ಲಿ ಸಿಕ್ಕಿಸಿಕೊಂಡು ತಟ್ಟುತ್ತಿದ್ದಾನೆ, ಬಲಕಿವಿಗೆ ಜಡಿಮಳೆಯಂಥ ಚಪ್ಪಾಳೆ, ಎಡಕ್ಕೆ ಏನೂ ಇಲ್ಲ. ಅಲ್ಲ ಎನ್ನಬೇಕು, ಇದು ನಟನೆಯಲ್ಲ, ನಿಜ ಎನ್ನಬೇಕು, ಎಂದರೆ ಇನ್ನೂ ಜೋರಾಗಿ ತಟ್ಟುತ್ತಾರೆ.

ಕ್ಲಾರಿಸಾ ಮಾತ್ರ ತಟ್ಟಲಿಲ್ಲ. ಬಿಗಿದ ಆ ಮುಖದೊಳಗೆ ಏನೋ ಕದಲಿತು, ಪುಡಿಯ ಕೆಳಗೆ, ಕಣ್ಣ ಬುಡದಲ್ಲಿ, ಅದನ್ನು ನೀಲಾ ಕಂಡಳು, ಕಂಡಳೇ? ಹೂಗುಚ್ಛ ನೆಲಕ್ಕೆ ಬಿತ್ತು, ಕ್ಲಾರಿಸಾ ಎರಡೂ ಕೈ ಚಾಚಿ ಬಂದು ಬಿಗಿಯಾಗಿ ತಬ್ಬಿಕೊಂಡಳು, ಕ್ಯಾಮೆರಾ ಹತ್ತಿರ ಬಂತು, ಮೈಕಿಗೆ ಅಂಗೈ ಅಡ್ಡ ಹಿಡಿದಳು, ತುಟಿಯನ್ನು ಇವಳ ಕಿವಿಗೆ ಒತ್ತಿ ಏನೋ ಹೇಳಿದಳು. ಎಡಕಿವಿಗೆ. ಉದ್ದದ ಮಾತು, ನಡುವೆ ಒಮ್ಮೆ ನಿಂತು, ಮತ್ತೆ. ಮುಖ ಎದುರಿಗಿದ್ದರೆ ತುಟಿ ನೋಡಿ ತಿಳಿಯುತ್ತಿತ್ತು, ಅದು ಕಿವಿಗೇ ಅಂಟಿತ್ತು, ಕ್ಷಮಿಸು ಎಂದಳೇ, ಬೈದಳೇ, ನನಗೆ ಅವತ್ತೇ ಗೊತ್ತಿತ್ತು ಎಂದಳೇ, ಈಗ ತಾನೇ ಕೇಳಿಸಿಕೊಂಡಿದ್ದಾಳೆ ಈ ಕಿವಿ ಕೇಳುವುದಿಲ್ಲ ಎಂದು, ಮರೆತಳೇ, ಇಲ್ಲ ತಿಳಿದೇ ಆ ಕಿವಿಯನ್ನು ಆರಿಸಿಕೊಂಡಳೇ, ಏನಂದ್ರಿ, ಮ್ಯಾಡಮ್ ಏನಂದ್ರಿ, ಆದರೆ ಕ್ಲಾರಿಸಾ ಆಗಲೇ ಜನರ ಕಡೆ ತಿರುಗಿ ಕೈಬೀಸುತ್ತಿದ್ದಾಳೆ, ಬೆನ್ನು ಮಾತ್ರ ಕಾಣುತ್ತಿದೆ, ಸಂಗೀತ ಶುರುವಾಗಿದೆ, ಬಣ್ಣದ ಕಾಗದದ ಚೂರುಗಳು ಮೇಲಿಂದ ಉದುರುತ್ತಿವೆ, ಮತ್ತು ಕಿವಿಯ ಹಾಲೆಯ ಮೇಲೆ ಆ ತುಟಿಗಳು ಇನ್ನೂ ಅಲುಗುತ್ತಿವೆ, ಮುಚ್ಚಿ, ತೆರೆದು, ಒದ್ದೆಯಾಗಿ, ಬಿಸಿ ಉಸಿರು, ಸದ್ದಿಲ್ಲ, ಮತ್ತೆ ಆ ತುಟಿಗಳು, ಬಿಸಿ ಉಸಿರು, ಮತ್ತೆ —