ಎರಡು ಗಿಡ್ಡ ಕೇಸರ

ಸಾಸಿವೆ ಕುಲದ ಪುಸ್ತಕಕ್ಕೆ ಮುಖಚಿತ್ರ ಯಾರದೆಂದು ಬೆಳಗ್ಗೆ ಮುಖ್ಯಸ್ಥೆ ತೀರ್ಮಾನಿಸಿದ್ದರು. ಸಸ್ಯೋದ್ಯಾನದ ಚಿತ್ರಕೋಣೆಯಲ್ಲಿ ಹತ್ತೊಂಬತ್ತು ವರ್ಷ ಬೆನ್ನು ಬಗ್ಗಿಸಿ ಎಲೆ, ಬೇರು, ಬೀಜ ಬರೆದ ದೊಡ್ಡವಳು ಕೊಟ್ಟದ್ದಲ್ಲ. ಅವಳೇ ಕೈಹಿಡಿದು ಕರೆತಂದು ಪಕ್ಕದ ಮೇಜಿಗೆ ಕೂರಿಸಿದ ಓರಗಿತ್ತಿಯದು.

"ಅಕ್ಕಾ, ಒಂದ್ಸಲ ನೋಡಿಬಿಡಿ. ಮಧ್ಯಾಹ್ನ ಅಚ್ಚಿಗೆ ಹೋಗುತ್ತಂತೆ."

"ಮೇಡಂ ಮೆಚ್ಚಿದ ಮೇಲೆ ನನ್ನದೇನಮ್ಮ?"

"ಅಯ್ಯೋ, ಅವರು ಬಾಗಿಲಲ್ಲೇ ನಿಂತು ಮೆಚ್ಚಿದ್ರು!"

ಮನೆಯಲ್ಲೂ ಇದೇ ಕಥೆ. ಈ ಚಿಕ್ಕವಳು ಮಡಿಸಿಟ್ಟ ಬಟ್ಟೆಯನ್ನೂ ಅತ್ತೆ ನೆರೆಯವರಿಗೆ ತೋರಿಸುತ್ತಾರೆ.

ದೊಡ್ಡವಳು ಹಾಳೆ ಎಳೆದುಕೊಂಡಳು. ಕೂಡುವ ಚಿಹ್ನೆಯಂತೆ ಎದುರುಬದುರು ನಿಂತ ನಾಲ್ಕು ಹಳದಿ ದಳಗಳು ಬುಡದಲ್ಲಿ ಸಣ್ಣಗಾಗಿ ಹೂವಿನೊಳಕ್ಕೆ ಇಳಿದಿದ್ದವು. ತೆಳ್ಳನೆಯ ಕಾಯಿ, ತುದಿಗೆ ಕೊಕ್ಕು. ಬಿರಿದ ಕಾಯಿಯ ನಡುಪೊರೆಗೆ ಅಂಟಿದ ದುಂಡು ಬೀಜಗಳನ್ನು ಉಗುರಿನಿಂದ ಎಬ್ಬಿಸಬಹುದು ಅನ್ನಿಸುತ್ತಿತ್ತು. ಇಂಥ ಗೆರೆ ತನಗೆ ಒಂದು ದಿನವೂ ಒಲಿಯಲಿಲ್ಲ.

ಆಗ ಕಣ್ಣಿಗೆ ಬಿತ್ತು. ಆರು ಕೇಸರಗಳೂ ಒಂದೇ ಎತ್ತರ! ಒಳಗಿನ ನಾಲ್ಕು ಉದ್ದ, ಹೊರಗಿನ ಎರಡು ಗಿಡ್ಡ ಇರಬೇಕು. ಈ ಹೂವಿನ ಗುರುತೇ ಅದು. ಚಿಕ್ಕವಳು ಅಂದಕ್ಕೆ ಸೋತು ಎಲ್ಲವನ್ನೂ ಸಮ ಮಾಡಿದ್ದಳು.

ಅವಳ ಕಿವಿಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ದೊಡ್ಡವಳು ಹಾಳೆ ಹಿಡಿದು ಸೀದಾ ಮುಖ್ಯಸ್ಥೆಯ ಕೋಣೆಗೆ ನಡೆದಳು. "ಮೇಡಂ, ಇದು ಸಾಸಿವೆ ಹೂವೇ ಅಲ್ಲ."

ಮುಖ್ಯಸ್ಥೆ ಭೂತಗನ್ನಡಿ ಹಿಡಿದು ನೋಡಿದರು. "ಹೌದಲ್ರೀ! ಸದ್ಯ, ಮಾನ ಉಳಿಸಿದ್ರಿ."

"ಹಾಗಾದ್ರೆ ನನ್ನ ಚಿತ್ರ..."

"ಎರಡು ಕೇಸರಕ್ಕೆ ಇಷ್ಟು ಚೆಂದದ್ದನ್ನ ಯಾಕೆ ಬಿಡೋದು? ನೀವೇ ತಿದ್ದಿಬಿಡಿ. ನಿಮ್ಮ ಕೈ ತಪ್ಪಲ್ಲ."

ದೊಡ್ಡವಳು ಮೇಜಿಗೆ ಮರಳಿ ಬ್ಲೇಡಿನ ಮೊನೆಯಿಂದ ಶಾಯಿ ಕೆರೆಯತೊಡಗಿದಳು. ಒಂದಿಷ್ಟು ಜಾರಿದರೆ ಹಾಳೆ ಹರಿಯುತ್ತದೆ, ಯಾರೂ ಏನೂ ಅನ್ನುವಂತಿಲ್ಲ. ಜಾರಲಿ ಎಂದು ಮನಸ್ಸು ಹೇಳುತ್ತಲೇ ಇತ್ತು. ಕೈ ಮಾತ್ರ ಹತ್ತೊಂಬತ್ತು ವರ್ಷ ಕಲಿತದ್ದನ್ನೇ ಮಾಡಿತು. ಎರಡು ಕೇಸರ ತಗ್ಗಿದ್ದೇ ತಡ, ಹೂವಿಗೆ ಆಳ ಬಂತು. ಚಿತ್ರ ಮೊದಲಿಗಿಂತ ಚೆನ್ನಾಗಿತ್ತು.

ವಿಷಯ ತಿಳಿದು ಚಿಕ್ಕವಳ ಕಣ್ಣು ತುಂಬಿತ್ತು. "ನನಗೇ ಹೇಳಬಹುದಿತ್ತು ಅಕ್ಕಾ." ಕಣ್ಣೊರೆಸಿಕೊಂಡು ಅಂದಳು, "ಇರಲಿ. ನಿಮ್ಮ ಹೆಸರೂ ಹಾಕಿಸ್ತೀನಿ."

"ಬೇಡ ಬಿಡಮ್ಮ. ಎರಡು ಕೇಸರಕ್ಕೆಲ್ಲ ಯಾರಾದ್ರೂ ಹೆಸರು ಹಾಕ್ತಾರಾ?" ಎಂದ ದೊಡ್ಡವಳು, ಅವಳು ಇನ್ನೊಂದು ಸಲ ಒತ್ತಾಯ ಮಾಡಲಿ ಎಂದು ಕಾದಳು.

"ಸರಿ ಅಕ್ಕಾ," ಎಂದು ಚಿಕ್ಕವಳು ಹಾಳೆ ಎತ್ತಿಕೊಂಡು ಹೋದಳು.