ಹನ್ನೊಂದನೇ ಓಟದ ಹಳದಿ ಪಟ್ಟಿ

ಮನೆಯಲ್ಲಿ ಅವಳನ್ನು ಎಲ್ಲರೂ ಇರುವೆ ಎಂದೇ ಕರೆಯುತ್ತಿದ್ದರು. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ, ಆದರೆ ಮನೆಯ ಯಾವ ಮೂಲೆಯಲ್ಲಿ ಏನಿದೆ ಎಂಬುದು ಇವಳೊಬ್ಬಳಿಗೇ ಗೊತ್ತು ಎಂದು ಅಪ್ಪ ನಗುತ್ತಿದ್ದ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಮುದ್ರಣಾಲಯದಲ್ಲಿ ಕೀಲಿಮಣೆಯ ಮುಂದೆ ಕೂತವಳಿಗೆ ಈಗ ಇಪ್ಪತ್ತು ವರ್ಷ. ಬರೆದುಕೊಟ್ಟದ್ದನ್ನು ಬರೆದ ಹಾಗೇ ಹೊಡೆಯುವುದು, ಕಣ್ಣಿಗೆ ಬಿದ್ದ ತಪ್ಪನ್ನು ಬಾಯಿಬಿಡದೆ ತಿದ್ದುವುದು ಅವಳ ಕೆಲಸ. ಬಾಯಿಬಿಡದೆ ಇರುವುದು ಅವಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ.

ಆ ಸೋಮವಾರ ಅವಳ ಮೇಜಿಗೆ ಬಂದದ್ದು ಊರಿನ ಮ್ಯಾರಥಾನ್ ಓಟದ ಚರಿತ್ರೆ. ಓಟಕ್ಕೆ ಮೂವತ್ತು ವರ್ಷ ತುಂಬುತ್ತಿತ್ತು, ಪುಸ್ತಕ ತರಬೇಕೆಂದು ಸಮಿತಿಯವರು ನಿಶ್ಚಯಿಸಿದ್ದರು. ಓಟವನ್ನು ಶುರುಮಾಡಿದ ಡ್ರಿಲ್ ಮೇಷ್ಟ್ರು ಹೋದ ವರ್ಷ ತೀರಿಕೊಂಡಿದ್ದರು. ವರ್ಷಕ್ಕೊಂದು ಪುಟದಂತೆ ಅವರು ಬರೆದಿಟ್ಟ ದಪ್ಪ ರಿಜಿಸ್ಟರೇ ಆಧಾರ.

ಮೇಷ್ಟ್ರ ಬರವಣಿಗೆ ಅವರ ಸೀಟಿಯ ಹಾಗೆ ಚುಟುಕು. ಮೊದಲ ವರ್ಷ ಓಡಿದವರು ನಲವತ್ತೊಂದು, ಮುಗಿಸಿದವರು ಒಂಬತ್ತು. ಒಂಬತ್ತನೆಯವನು ಬರುವಷ್ಟರಲ್ಲಿ ಬ್ಯಾನರ್ ಬಿಚ್ಚಿ ಮಡಿಸಿಯಾಗಿತ್ತು, ಅವನೊಬ್ಬನಿಗಾಗಿ ಇಬ್ಬರು ಅದನ್ನು ಮತ್ತೆ ಹರಡಿ ಹಿಡಿದು ನಿಂತರು. ಮೂರನೇ ವರ್ಷ ಒಬ್ಬ ಮಹಾನುಭಾವ ಅರ್ಧ ದಾರಿಯನ್ನು ಬಸ್ಸಿನಲ್ಲಿ ಮುಗಿಸಿ, ಗುರಿಯ ಹಿಂದಿನ ತಿರುವಿನಲ್ಲಿ ಇಳಿದು, ಮುಖಕ್ಕೆ ನೀರು ಎರಚಿಕೊಂಡು ಏದುಸಿರು ಬಿಡುತ್ತ ಮೊದಲಿಗನಾದ. ಟಿಕೆಟು ಚಡ್ಡಿಯ ಜೇಬಿನಲ್ಲೇ ಸಿಕ್ಕಿತು.

ಪಟ್ಟಿಯ ಪದ್ಧತಿ ಹುಟ್ಟಿದ್ದು ಆಗಲೇ. ಓಟಗಾರರು ಹಿಂದಕ್ಕೆ ತಿರುಗುವ ಜಾಗದಲ್ಲಿ, ನೀರಿನ ಟ್ಯಾಂಕಿನ ಹತ್ತಿರ, ಒಬ್ಬರು ಕುರ್ಚಿ ಹಾಕಿಕೊಂಡು ಕೂತು ಪ್ರತಿಯೊಬ್ಬರ ಕೊರಳಿಗೂ ಒಂದು ಬಟ್ಟೆ ಪಟ್ಟಿ ಹಾಕಬೇಕು. ಗುರಿ ಮುಟ್ಟಿದ ಮೇಲೆ ಮೇಷ್ಟ್ರು ಆ ಪಟ್ಟಿಗಳನ್ನು ಎಣಿಸಿ, ಬರೆದುಕೊಂಡು, ಅವರವರಿಗೇ ಹಿಂತಿರುಗಿಸುತ್ತಿದ್ದರು. ಪಟ್ಟಿ ಇಲ್ಲದೆ ಬಂದವನು ಓಡಿದ ಲೆಕ್ಕಕ್ಕೇ ಇಲ್ಲ. ಬಣ್ಣ ವರ್ಷವರ್ಷಕ್ಕೂ ಬೇರೆ. ಅದು ಮುಂಚೆ ಗೊತ್ತಿರುತ್ತಿದ್ದುದು ಇಬ್ಬರಿಗೆ ಮಾತ್ರ: ಮೇಷ್ಟ್ರಿಗೆ, ಮತ್ತು ಪಟ್ಟಿ ಕತ್ತರಿಸುವ ದರ್ಜಿಗೆ. ಆ ದರ್ಜಿ ಇರುವೆಯ ಅತ್ತೆ, ಅಪ್ಪನ ಸ್ವಂತ ಅಕ್ಕ. ಟ್ಯಾಂಕಿನ ಹತ್ತಿರ ಕುರ್ಚಿ ಹಾಕಿ ಕೂರುತ್ತಿದ್ದವಳೂ ಅವಳೇ.

ಹನ್ನೊಂದನೇ ವರ್ಷದ ಪುಟದಲ್ಲಿ ಅಪ್ಪನ ಹೆಸರಿತ್ತು. ಮೊದಲ ಸ್ಥಾನ, ಬಸ್ ಡಿಪೋದ ಟೈರ್ ವಿಭಾಗ. ಕೆಳಗೆ ಎರಡನೇ ಸ್ಥಾನ, ಈಗ ಸಮಿತಿಯ ಅಧ್ಯಕ್ಷರಾಗಿರುವ ಔಷಧಿ ಅಂಗಡಿಯವರದು. ಆಮೇಲೆ ಇನ್ನೊಂದು ಸಾಲು: ಪಟ್ಟಿ, ಹಸಿರು, ಎಂದಿನಂತೆ ಅದರ ಎಣಿಕೆ. ಅಪ್ಪನ ಹೆಸರಿನ ಪಕ್ಕದಲ್ಲಿ ಯಾರೋ ಹೊಸದಾಗಿ ಕೆಂಪು ಶಾಯಿಯಲ್ಲಿ ಪ್ರಶ್ನೆಗುರುತು ಹಾಕಿದ್ದರು.

ಅದು ಅಧ್ಯಕ್ಷರ ಗುರುತು ಎಂದರು ಮುದ್ರಣಾಲಯದ ಯಜಮಾನರು. ಆ ಜಾಗದಲ್ಲಿ ‘ಫಲಿತಾಂಶದ ಬಗ್ಗೆ ಭಿನ್ನಾಭಿಪ್ರಾಯವಿದೆ’ ಎಂಬ ಸಾಲು ಬರಬೇಕಂತೆ. ಗುರುವಾರ ಅವರೇ ಬಂದು ಪ್ರೂಫ್ ನೋಡುತ್ತಾರೆ, ಶುಕ್ರವಾರ ಅಚ್ಚು.

ಇರುವೆಯ ಬೆರಳು ಕೀಲಿಯ ಮೇಲೇ ನಿಂತುಹೋಯಿತು. ಮನೆಯಲ್ಲಿರುವ ಅಪ್ಪನ ಪಟ್ಟಿ ಹಳದಿ.

ಅದರಲ್ಲಿ ಅನುಮಾನವೇ ಇಲ್ಲ. ಅಡುಗೆಮನೆಗೆ ಹೋಗುವ ಓಣಿಯ ಗೋಡೆಯಲ್ಲಿ, ಬೆಳಕು ಬೀಳದ ಕಡೆ, ಗಾಜಿನ ಕಟ್ಟಿನೊಳಗೆ ಪದಕದ ಜೊತೆ ಅದು ಇತ್ತು. ವಾರವಾರವೂ ಅದರ ಧೂಳು ಒರೆಸುತ್ತಿದ್ದವಳು ಅವಳೇ. ಹಸಿರು ಮಾಸಿ ಹಳದಿಯಾಗಿರಬಹುದು ಎಂದು ಸಂಜೆ ಕಟ್ಟಿನ ಹಿಂದಿನ ಮೊಳೆ ಸಡಿಲಿಸಿ ನೋಡಿದಳು. ಪದಕದ ಅಡಿಯಲ್ಲಿ ಬೆಳಕೇ ಕಾಣದ ಭಾಗ ಇನ್ನೂ ಅಚ್ಚ ಹಳದಿ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಎಲ್ಲರಿಗೂ ಹಸಿರಾದರೆ ಅಪ್ಪನಿಗೆ ಹಳದಿ ಎಲ್ಲಿಂದ ಬಂತು? ಟ್ಯಾಂಕಿನ ತನಕ ಹೋಗದವನಿಗೆ ಮಾತ್ರ ಬಣ್ಣ ತಪ್ಪಲು ಸಾಧ್ಯ. ಅಕ್ಕನ ಬಟ್ಟೆ ಚೂರುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಜೇಬಿಗಿಳಿಸಿದವನಿಗೆ. ಹೀಗೆ ಯೋಚಿಸಿದ್ದಕ್ಕೇ ಅವಳಿಗೆ ನಾಚಿಕೆಯಾಯಿತು, ಯೋಚನೆ ಮಾತ್ರ ಹೋಗಲಿಲ್ಲ.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು. “ಅಪ್ಪ, ನೀನು ಗೆದ್ದ ವರ್ಷ ಪಟ್ಟಿ ಯಾವ ಬಣ್ಣ?”

“ಹಳದಿ. ದಿನಾ ನೋಡ್ತೀಯಲ್ಲ, ಕಾಣಲ್ವಾ?”

“ಎಲ್ಲರಿಗೂ ಅದೇನಾ?”

ಅಪ್ಪ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. ತಟ್ಟೆಯಲ್ಲಿ ಇನ್ನೂ ಎರಡು ತುತ್ತಿದ್ದವು. ಎದ್ದು ಕೈ ತೊಳೆದು, ಟೈರಿನ ಕಪ್ಪು ಎಂದೂ ಬಿಡದ ಉಗುರುಗಳನ್ನು ಬಹಳ ಹೊತ್ತು ತಿಕ್ಕುತ್ತ ನಿಂತ.

ಮರುದಿನ ಊಟದ ಬಿಡುವಿನಲ್ಲಿ ಅವಳು ಅತ್ತೆಯ ಅಂಗಡಿಗೆ ಹೋದಳು. ಅಂಗಡಿ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಜಾಗ, ಒಂದು ಹೊಲಿಗೆ ಯಂತ್ರ, ಒಂದು ಕನ್ನಡಿ. ಅತ್ತೆ ತುಟಿಯ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡೇ ಮಾತಾಡುವವಳು, ಊರ ಸುದ್ದಿಯೆಲ್ಲ ಆ ಪಿನ್ನುಗಳ ಸಂದಿಯಿಂದಲೇ ಹೊರಗೆ ಬರುತ್ತಿತ್ತು. ಇರುವೆ ರಿಜಿಸ್ಟರಿನ ವಿಷಯ, ಕೆಂಪು ಗುರುತಿನ ವಿಷಯ ಹೇಳಿದಳು. ಅತ್ತೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಆ ವರ್ಷದ ಕಥೆ ಹೇಳಿದಳು.

ಆಗ ಅವರೆಲ್ಲ ಒಂದೇ ಮನೆಯಲ್ಲಿದ್ದರು. ಯಂತ್ರ ನಡುಮನೆಯಲ್ಲಿ, ತಮ್ಮನ ಹಾಸಿಗೆ ಅದರ ಪಕ್ಕದಲ್ಲೇ. ಹಸಿರು ಬಟ್ಟೆ ಕತ್ತರಿಸಿದ್ದನ್ನು ಅವನು ನೋಡದೆ ಇರಲು ಕಣ್ಣು ಕಟ್ಟಬೇಕಿತ್ತು. ಅವನು ಗೆಲ್ಲುವ ಕುದುರೆ ಎಂದು ಊರಿಗೆಲ್ಲ ಗೊತ್ತು. ಡಿಪೋದವನು ಬಸ್ಸು ಹತ್ತಿಯೇ ಬರುತ್ತಾನೆ ಎಂದು ಔಷಧಿ ಅಂಗಡಿಯ ಕಟ್ಟೆಯಲ್ಲಿ ಆಗಲೇ ಗೇಲಿ ಶುರುವಾಗಿತ್ತು. ಅದಕ್ಕೆ ಅತ್ತೆ ಓಟದ ದಿನ ಬೆಳಿಗ್ಗೆ ಹಳೆಯ ಕಿಟಕಿ ಪರದೆಯಿಂದ ಒಂದೇ ಒಂದು ಹಳದಿ ಪಟ್ಟಿ ಹರಿದು ರವಿಕೆಯ ಒಳಗೆ ಬಚ್ಚಿಟ್ಟುಕೊಂಡು ಹೋದಳು. ಎಲ್ಲರಿಗೂ ಹಸಿರು, ತಮ್ಮನಿಗೆ ಮಾತ್ರ ಹಳದಿ. ಟ್ಯಾಂಕಿನ ತನಕ ಓಡಿ ಅವಳ ಎದುರು ಬಂದು ನಿಲ್ಲದೆ ಅದು ಅವನ ಕೊರಳಿಗೆ ಬೀಳುವಂತಿರಲಿಲ್ಲ. ಓಟಕ್ಕೆ ಮುಂಚೆ ಮೇಷ್ಟ್ರ ಕಿವಿಯಲ್ಲಿ ಇಷ್ಟನ್ನು ಹೇಳಿದ್ದಳು. ಅವರು ತಲೆಯಾಡಿಸಿದರು, ಅಷ್ಟೇ.

“ಅಪ್ಪನಿಗೆ ಹೇಳಲೇ ಇಲ್ವಾ ಅತ್ತೆ?”

“ಏನಂತ ಹೇಳ್ಲಿ? ನೀನು ಮೋಸ ಮಾಡ್ತೀಯೇನೋ ಅಂತ ಬೇರೆ ಬಣ್ಣ ತಂದೆ ಅಂತಲಾ? ಬಟ್ಟೆ ಸಾಲ್ಲಿಲ್ಲ ಅಂದ್ಕೊಂಡಿರ್ತಾನೆ ಅಂತ ಸುಮ್ಮನಾದೆ.” ಡಬ್ಬಿಯ ಮುಚ್ಚಳ ಹಾಕಿ ಅತ್ತೆ ಎಂದಳು, “ನಂಬದೆ ಇದ್ದವಳು ನಾನಲ್ಲ ಕಣೆ. ನಂಬದವರ ಬಾಯಿ ಮುಚ್ಚಿಸೋಕೆ ಮಾಡಿದ್ದು.”

ಇರುವೆ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅದನ್ನೇ ತಿರುವಿ ಹಾಕಿದಳು. ಅತ್ತೆ ಹೇಳಿದ್ದು ನಿಜವಿರಬೇಕು. ಆದರೆ ಸ್ವಂತ ತಮ್ಮನ ಮಾತು ಬಂದಾಗ ಯಾವ ಅಕ್ಕ ಬೇರೆ ಹೇಳುತ್ತಾಳೆ? ಮೇಷ್ಟ್ರನ್ನು ಕೇಳೋಣವೆಂದರೆ ಅವರು ತಲೆಯಾಡಿಸಿದವರು, ಬಾಯಿಬಿಟ್ಟವರಲ್ಲ. ಈಗ ತಲೆಯೂ ಇಲ್ಲ.

ಬುಧವಾರ ಪ್ರೂಫನ್ನು ರಿಜಿಸ್ಟರಿನ ಜೊತೆ ಹಿಡಿದು ಸಾಲುಸಾಲಾಗಿ ಹೋಲಿಸುವ ಕೆಲಸ. ಹನ್ನೊಂದನೇ ಪುಟಕ್ಕೆ ಬಂದಾಗ ಅವಳು ಒಂದು ಸಾಲನ್ನು ಮತ್ತೆ ಮತ್ತೆ ಹೋಲಿಸಿ ನೋಡಿದಳು. ಪ್ರೂಫಿನಲ್ಲಿ ಹೀಗಿತ್ತು: ಬಂದವರು ಇಪ್ಪತ್ತೆಂಟು, ಹಸಿರು ಇಪ್ಪತ್ತೆಂಟು. ಮೇಷ್ಟ್ರ ಕೈಬರಹದಲ್ಲಿ ಹೀಗಿತ್ತು: ಬಂದವರು ಇಪ್ಪತ್ತೆಂಟು, ಹಸಿರು ಇಪ್ಪತ್ತೇಳು.

ತಿದ್ದಿದವಳು ಅವಳೇ. ಪಟ್ಟಿ ಶುರುವಾದ ಮೇಲಿನ ಉಳಿದೆಲ್ಲ ಪುಟಗಳಲ್ಲೂ ಬಂದವರ ಸಂಖ್ಯೆ, ಪಟ್ಟಿಯ ಸಂಖ್ಯೆ ಒಂದೇ ಆಗಿದ್ದವು. ಇಲ್ಲಿ ಒಂದು ಕಡಿಮೆ ಇದ್ದುದನ್ನು ಮುದುಕರ ಕೈತಪ್ಪು ಎಂದುಕೊಂಡು ಸೋಮವಾರ ಬಾಯಿಬಿಡದೆ ಸರಿಮಾಡಿದ್ದಳು. ಮೇಷ್ಟ್ರು ತಪ್ಪಿರಲಿಲ್ಲ. ಪಟ್ಟಿ ಇಲ್ಲದವನನ್ನು ಲೆಕ್ಕಕ್ಕೇ ಹಿಡಿಯದ ಮನುಷ್ಯ, ಹಸಿರಿಲ್ಲದ ಆ ಒಬ್ಬನನ್ನೇ ಮೊದಲಿಗನೆಂದು ಬರೆದಿದ್ದರು. ತಿಳಿದೇ ಬರೆದಿದ್ದರು.

ಗುರುವಾರ ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತ ಬಂದು ಕೂತರು. ಇರುವೆ ರಿಜಿಸ್ಟರನ್ನು ಅವರ ಮುಂದೆ ತಳ್ಳಿ ಆ ಸಾಲಿನ ಮೇಲೆ ಬೆರಳಿಟ್ಟಳು. ಅತ್ತೆಯ ಹಳದಿ ಪಟ್ಟಿಯ ಕಥೆಯನ್ನು ತಡವರಿಸುತ್ತ, ಹಿಂದಿನದು ಮುಂದೆ ಮುಂದಿನದು ಹಿಂದೆ ಮಾಡಿ ಹೇಳಿದಳು. ತಾನು ತಪ್ಪು ತಿದ್ದಿದ್ದನ್ನೂ ಹೇಳಿದಳು. ಯಜಮಾನರು ಬೆರಗಾಗಿ ನೋಡುತ್ತಿದ್ದರು, ಐದು ವರ್ಷದಲ್ಲಿ ಅವಳು ಅಷ್ಟು ಮಾತಾಡಿದ್ದು ಅವರು ಕೇಳಿರಲಿಲ್ಲ.

ಅಧ್ಯಕ್ಷರು ಇಪ್ಪತ್ತೇಳನ್ನು ದಿಟ್ಟಿಸಿದರು. “ಆ ಇಪ್ಪತ್ತೇಳರಲ್ಲಿ ನಂದೂ ಒಂದು,” ಎಂದರು. “ಹತ್ತೊಂಬತ್ತು ವರ್ಷದಿಂದ ಆ ಹಳದಿ ನನ್ನ ಕಣ್ಣಲ್ಲೇ ಕೂತಿದೆ. ನಿಮ್ಮಪ್ಪ ಯಾಕಮ್ಮ ಒಂದು ಮಾತು ಹೇಳ್ಲಿಲ್ಲ?”

“ಅವರಿಗೂ ಗೊತ್ತಿಲ್ಲ ಸಾರ್.”

ನಂಬಿದರೋ ಇಲ್ಲವೋ ಅವರ ಮುಖದಿಂದ ತಿಳಿಯಲಿಲ್ಲ. ಜೇಬಿನಿಂದ ಅದೇ ಕೆಂಪು ಪೆನ್ನು ತೆಗೆದು ಪ್ರಶ್ನೆಗುರುತಿನ ಮೇಲೆ ಅಡ್ಡಗೆರೆ ಎಳೆದರು. ಮೇಷ್ಟ್ರು ಬರೆದ ಹಾಗೇ ಇರಲಿ, ಇಲ್ಲದ್ದು ಬೇಡ ಎಂದರು. ಅವಳು ಪ್ರೂಫಿನ ಹಸಿರು ಇಪ್ಪತ್ತೆಂಟನ್ನು ಮತ್ತೆ ಇಪ್ಪತ್ತೇಳು ಮಾಡಿದಳು. ಪಕ್ಕದಲ್ಲಿ, ಅವರನ್ನು ಕೇಳಿಯೇ, ‘ಹಳದಿ ಒಂದು’ ಎಂದು ಸೇರಿಸಿದಳು.

ಪುಸ್ತಕ ಬಂದ ಭಾನುವಾರ ಅಪ್ಪ ಹನ್ನೊಂದನೇ ಪುಟವನ್ನು ಎರಡು ಸಲ ಓದಿದ. ಬಟ್ಟೆ ಸಾಲದೆ ಬೇರೆ ಬಣ್ಣ ಕೊಟ್ಟಿರಬೇಕು ಅಂದುಕೊಂಡಿದ್ದೆ, ಯಾರಾದರೂ ಕೇಳಿದರೆ ಪದಕ ಕಿತ್ತುಕೊಳ್ಳುತ್ತಾರೆ ಎಂದು ಇಷ್ಟು ವರ್ಷ ಹೆದರಿದ್ದೆ, ಅದಕ್ಕೇ ಆ ಕತ್ತಲ ಓಣಿಯಲ್ಲಿ ನೇತುಹಾಕಿದ್ದೆ ಎಂದು ಮೆಲ್ಲಗೆ ಹೇಳಿದ. ಇರುವೆ ಪರದೆಯ ಕಥೆಯನ್ನು ಹೇಳಿದಳು. ಈ ಸಲ ಹಿಂದುಮುಂದಾಗಲಿಲ್ಲ.

“ಅಂದ್ರೆ ಅಕ್ಕ ನನ್ನ ನಂಬಿದ್ಲೋ, ನಂಬಿರ್ಲಿಲ್ವೋ?”

ಅವಳಿಗೂ ಅದು ಬಗೆಹರಿದಿರಲಿಲ್ಲ. ಅತ್ತೆಯನ್ನು ಕರೆಯಲಾ ಎಂದಳು. ಬೇಡ, ನಾನೇ ಹೋಗ್ತೀನಿ ಎಂದು ಅಪ್ಪ ಗೋಡೆಯಿಂದ ಗಾಜಿನ ಕಟ್ಟನ್ನು ಬಿಡಿಸಿ ಕಂಕುಳಲ್ಲಿ ಇರುಕಿಕೊಂಡ. ಜಗಳಕ್ಕೆ ಹೊರಟನೋ ನಗಲು ಹೊರಟನೋ ಬೆನ್ನು ನೋಡಿ ಹೇಳಲಾಗಲಿಲ್ಲ. ಬಾಗಿಲಲ್ಲಿ ನಿಂತ ಇರುವೆಗೆ ಕಂಡದ್ದು ಇಷ್ಟೇ: ಮೊಣಕಾಲು ನೋವೆಂದು ಮೆಟ್ಟಿಲನ್ನೂ ನಿಧಾನ ಇಳಿಯುತ್ತಿದ್ದ ಮನುಷ್ಯ, ಬೀದಿಯ ತಿರುವು ಬರುವಷ್ಟರಲ್ಲಿ ಹೆಚ್ಚುಕಡಿಮೆ ಓಡುತ್ತಿದ್ದ.