ಗಡಿ ವಿಭಾಗದ ಮರ್ಯಾದೆ ಮತ

ಕೆಸರು ಮೇಷ್ಟ್ರು ಎಂದರೆ ಅಕಾಡೆಮಿಯಲ್ಲಿ ಗೊತ್ತಿಲ್ಲದವರಿಲ್ಲ. ಕೆರೆಗಳ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಪದರ ಪದರವಾಗಿ ಕೂತ ಕೆಸರನ್ನು ಕದಡದೆ ಮೇಲೆತ್ತಿ, ಅದರಲ್ಲಿ ಸಿಕ್ಕಿಕೊಂಡ ಹೂವಿನ ಪರಾಗ ನೋಡಿ, ಜನ ಯಾವ ಕಾಲದಲ್ಲಿ ಏನು ಬೆಳೆದರು, ಯಾವಾಗ ಕಾಡು ಕಡಿದರು, ಯಾವಾಗ ಊರು ಬಿಟ್ಟು ಹೋದರು ಎಂದು ಹೇಳುವುದು ಅವರ ಕಸುಬು. ವಿಜ್ಞಾನದವರು ಅವರನ್ನು ಇತಿಹಾಸದವರು ಎನ್ನುತ್ತಿದ್ದರು, ಇತಿಹಾಸದವರು ವಿಜ್ಞಾನದವರು ಎನ್ನುತ್ತಿದ್ದರು. ಎರಡೂ ಮನೆಗೆ ನೆಂಟರಾದವರನ್ನು ಎರಡೂ ಮನೆಯವರು ಊಟಕ್ಕೆ ಕರೆಯುವುದು ಮರೆಯುತ್ತಾರಲ್ಲ, ಹಾಗಾಗಿತ್ತು ಅವರ ಪಾಡು.

ಇಂಥವರಿಗೆಂದೇ ಅಕಾಡೆಮಿ ಕೊನೆಗೂ ಗಡಿ ವಿಭಾಗ ಎಂಬ ಪುಟ್ಟ ವಿಭಾಗ ತೆರೆದಿತ್ತು. ಸದಸ್ಯರು ಹತ್ತೇ ಜನ. ಅದರಲ್ಲಿ ಒಬ್ಬರು ತೀರಿಕೊಂಡು ಒಂದು ಜಾಗ ಖಾಲಿಯಾದಾಗ ಮೇಷ್ಟ್ರ ಹೆಸರು ಸೂಚಿಸಿದವಳು ಅವರ ಶಿಷ್ಯೆ. ಗುರುವಿಗಿಂತ ಮೊದಲೇ ತಾನು ಸದಸ್ಯೆಯಾದದ್ದು ಅವಳಿಗೆ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಚುಚ್ಚುತ್ತಲೇ ಇತ್ತು.

ಮೇಷ್ಟ್ರಿಗೆ ಶಾಲು, ಬಿಲ್ಲೆಗಳ ಆಸೆಯಿರಲಿಲ್ಲ. ಅವರ ಚಿಂತೆಯೆಲ್ಲ ಕೆಸರಿನದು. ಜೀವಮಾನವಿಡೀ ಎತ್ತಿದ ಕೆಸರಿನ ಕೊಳವೆಗಳು ವಿಶ್ವವಿದ್ಯಾಲಯದ ನೆಲಮಾಳಿಗೆಯ ತಣ್ಣನೆ ಕೋಣೆಯಲ್ಲಿದ್ದವು. ಆ ಕೆರೆಗಳಲ್ಲಿ ಎಷ್ಟೋ ಈಗ ಬತ್ತಿ, ಮೇಲೆ ಕಟ್ಟಡಗಳೆದ್ದಿದ್ದವು. ಮತ್ತೆ ಹೋಗಿ ಎತ್ತಿ ತರುತ್ತೇನೆ ಎನ್ನುವ ಹಾಗಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಈಗ ನೆಲಮಾಳಿಗೆ ಬೇಕಾಗಿತ್ತು, ಕಾರು ನಿಲ್ಲಿಸಲು. ತಿಂಗಳ ಕೊನೆಗೆ ಕೋಣೆಯ ಕರೆಂಟು ತೆಗೆಯುತ್ತೇವೆ ಎಂದು ಹೇಳಿಬಿಟ್ಟಿದ್ದರು. ತಂಪು ಹೋದರೆ ಕೆಸರು ಒಣಗಿ ಬಿರಿಯುತ್ತದೆ, ಬೂಷ್ಟು ಹಿಡಿಯುತ್ತದೆ, ಆಮೇಲೆ ಅದು ಬರೀ ಮಣ್ಣು. ಅಕಾಡೆಮಿಯಲ್ಲಿ ಒಳ್ಳೆಯ ತಣ್ಣನೆ ಉಗ್ರಾಣವೇನೋ ಇತ್ತು. ಆದರೆ ಅಲ್ಲಿ ಸದಸ್ಯರ ಸಂಗ್ರಹಕ್ಕೆ ಮಾತ್ರ ಜಾಗ.

ಇನ್ನು ಚುನಾವಣೆಯ ನಿಯಮ. ಒಬ್ಬರಿಗೆ ಒಂದೇ ಮತ. ಒಂದು ಮತವೂ ಬೀಳದ ಅಭ್ಯರ್ಥಿಯ ಹೆಸರನ್ನು ಮುಂದೆಂದೂ ಸೂಚಿಸುವಂತಿಲ್ಲ. ಅಯೋಗ್ಯರು ಪದೇ ಪದೇ ಬಾಗಿಲು ಬಡಿಯದಿರಲಿ ಎಂದು ಹಿಂದಿನವರು ಮಾಡಿಟ್ಟದ್ದು. ಈಗಿನವರ ಮನಸ್ಸು ಮೆತ್ತಗೆ. ಸೋಲುವುದು ಖಚಿತವಾದವರಿಗೆ ಸೊನ್ನೆ ಬರದಿರಲಿ ಎಂದು ಯಾರಾದರೊಬ್ಬರು ಸದ್ದಿಲ್ಲದೆ ಒಂದು ಮತ ಹಾಕುತ್ತಿದ್ದರು. ಅದಕ್ಕೆ ‘ಮರ್ಯಾದೆ ಮತ’ ಎಂದು ಹೆಸರು. ಯಾರು ಹಾಕಿದರು ಎಂದು ಕೇಳುವ ಪದ್ಧತಿಯಿರಲಿಲ್ಲ.

ಈ ಸಲ ಮೇಷ್ಟ್ರ ಎದುರಿಗಿದ್ದವರು ಹಳೆಯ ವಾದ್ಯಗಳ ಬಗ್ಗೆ ಒಂದೇ ಒಂದು ತೆಳ್ಳನೆ ಪುಸ್ತಕ ಬರೆದ ಸಂಕೋಚದ ಮನುಷ್ಯ.

ಸಭೆಗೆ ಮುಂಚೆ ಚಹಾ ಕುಡಿಯುವಾಗ ಶಿಷ್ಯೆ ಒಬ್ಬೊಬ್ಬರ ಬಳಿಯೂ ಹೋದಳು.

“ಮೇಷ್ಟ್ರದ್ದೇನು ಬಿಡಮ್ಮಾ, ಅದು ಆದ ಹಾಗೇ,” ಎಂದರು ವಿಭಾಗದ ಅಧ್ಯಕ್ಷರು, ಬಿಸ್ಕತ್ತು ಚಹಾದಲ್ಲಿ ಅದ್ದುತ್ತ. “ಇಷ್ಟು ವರ್ಷ ಕಾಯಿಸಿದ್ದಕ್ಕೆ ನಮಗೇ ನಾಚಿಕೆ ಆಗ್ಬೇಕು.”

“ಅವರಿಗಲ್ಲದೆ ಇನ್ಯಾರಿಗೆ ಹಾಕ್ತಾರೆ?” ಎಂದರು ನಕ್ಷೆಗಳ ಪ್ರೊಫೆಸರು. “ಪಾಪ, ಆ ವಾದ್ಯದವರನ್ನ ನೆನೆಸ್ಕೊಂಡ್ರೇ ಸಂಕಟ ಆಗತ್ತೆ.”

ಎಲ್ಲರ ಬಾಯಲ್ಲೂ ಅದೇ ಮಾತು. ಶಿಷ್ಯೆಯ ಎದೆ ಹಗುರಾಯಿತು. ಮತದ ಚೀಟಿ ಕೈಗೆ ಬಂದಾಗ ಅವಳಿಗೆ ವಾದ್ಯದವರ ಮುಖ ಕಣ್ಣಮುಂದೆ ಬಂತು. ಒಮ್ಮೆ ಯಾವುದೋ ಸಭೆಯಲ್ಲಿ ಕುರ್ಚಿ ಖಾಲಿಯಿದ್ದರೂ ಕೂರದೆ ಗೋಡೆಗೊರಗಿ ನಿಂತಿದ್ದ ಮನುಷ್ಯ. ಪಾಪ, ಒಂದಾದರೂ ಬೀಳಲಿ. ಮೇಷ್ಟ್ರಿಗೆ ಉಳಿದ ಎಂಟೂ ಇವೆಯಲ್ಲ. ಗೆದ್ದವರ ಔದಾರ್ಯದಲ್ಲಿ ಅವಳು ಗುರುತು ಹಾಕಿ, ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿದಳು.

ಕಾರ್ಯದರ್ಶಿ ಚೀಟಿ ಬಿಡಿಸುತ್ತ ಓದತೊಡಗಿದರು. “ವಾದ್ಯ.” ಶಿಷ್ಯೆ ಮನಸ್ಸಿನಲ್ಲೇ ನಕ್ಕಳು, ಇದು ನನ್ನದೇ. “ವಾದ್ಯ.” ಓಹೋ, ಇನ್ನೊಬ್ಬರಿಗೂ ಕನಿಕರ ಹುಟ್ಟಿದೆ. “ವಾದ್ಯ.” ಅಧ್ಯಕ್ಷರು ಕನ್ನಡಕ ತೆಗೆದರು. ನಾಲ್ಕನೆಯದಕ್ಕೆ ನಕ್ಷೆಗಳ ಪ್ರೊಫೆಸರು ತಲೆ ತಗ್ಗಿಸಿದರು. ಕೊನೆಯ ಚೀಟಿ ಓದಿದಾಗ ಕಾರ್ಯದರ್ಶಿಯ ದನಿ ಅವರಿಗೇ ಕೇಳಿಸದಷ್ಟು ಸಣ್ಣಗಾಗಿತ್ತು.

ಒಂಬತ್ತಕ್ಕೆ ಒಂಬತ್ತೂ ಮರ್ಯಾದೆ ಮತ.

ಒಂಬತ್ತು ಜನ ದೊಡ್ಡ ವಿದ್ವಾಂಸರು! ಒಬ್ಬರ ಮುಖ ಒಬ್ಬರು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. “ಯಾರದ್ದಾದ್ರೂ ಆಕ್ಷೇಪಣೆ ಇದ್ಯಾ?” ಎಂದು ಅಧ್ಯಕ್ಷರು ವಾಡಿಕೆಯಂತೆ ಕೇಳಿದರು. ಆಕ್ಷೇಪಣೆ ಎತ್ತಬೇಕಾದರೆ ತಾನು ಯಾರಿಗೆ ಹಾಕಿದೆ ಎಂದು ಬಾಯಿ ಬಿಡಬೇಕು. ಮೇಷ್ಟ್ರನ್ನು ಸೂಚಿಸಿದವಳೇ ಮತ ಹಾಕಲಿಲ್ಲ ಎಂದು ಹೇಳಬೇಕು. ಶಿಷ್ಯೆ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಅಧ್ಯಕ್ಷರು ಸಹಿ ಹಾಕಿದರು. ಅಲ್ಲಿಗೆ ಮುಗಿಯಿತು.

ಅವಳು ಮೇಷ್ಟ್ರ ಮನೆಗೆ ಹೋದಾಗ ಬಾಗಿಲು ತೆರೆದದ್ದು ಅವರ ಹೆಂಡತಿ.

“ಬೆಳಗ್ಗೆಯಿಂದ ನೆಲಮಾಳಿಗೆಯಲ್ಲೇ ಇದ್ದಾರೆ ಕಣಮ್ಮಾ. ಸಾಗಿಸೋಕೆ ಎಲ್ಲ ಕಟ್ಟಿಡ್ತಿದ್ದಾರೆ. ಸ್ವೆಟರ್ ಮರೆತು ಹೋದ್ರು, ಇದನ್ನ ಕೊಟ್ಟುಬಿಡು.” ಅವಳ ಮುಖದಲ್ಲಿ ಏನು ಕಂಡರೋ, ಸ್ವೆಟರನ್ನು ಕೈಗಿಟ್ಟು ಒಳಗೆ ಹೋದರು.

ತಣ್ಣನೆ ಕೋಣೆಯ ದಪ್ಪ ಬಾಗಿಲು ತಳ್ಳಿ ಅವಳು ಹೊಸ್ತಿಲಲ್ಲೇ ನಿಂತಳು. ಮೇಷ್ಟ್ರು ಬೆನ್ನು ಬಗ್ಗಿಸಿಕೊಂಡು ಒಂದು ಕೊಳವೆಗೆ ಹಳೆಯ ಕಂಬಳಿ ಸುತ್ತುತ್ತಿದ್ದರು, ಎಳೆಗೂಸಿಗೆ ಸುತ್ತಿದ ಹಾಗೆ.

“ಬಂದ್ಯಾ? ನೋಡು, ಲಾರಿಯವನಿಗೆ ಹೇಳ್ಬೇಕು, ಇವನ್ನ ನಿಲ್ಲಿಸಬಾರದು, ಮಲಗಿಸೇ ಒಯ್ಯಬೇಕು.”

“ಮೇಷ್ಟ್ರೇ... ಆಗ್ಲಿಲ್ಲ.”

ಅವರ ಕೈ ನಿಂತಿತು. ಕಂಬಳಿಯ ಅಂಚನ್ನು ತೀಡಿದರು.

“ಹೋಗ್ಲಿ ಬಿಡು, ಅಳಬೇಡ. ಮುಂದಿನ ವರ್ಷ ಮತ್ತೆ ನಿಂತರಾಯ್ತು. ಒಂದು ವರ್ಷದ ಮಟ್ಟಿಗೆ ಇಲ್ಲೇ ಇಟ್ಕೊಳ್ಳಿ ಅಂತ ಈ ಯೂನಿವರ್ಸಿಟಿಯವರ ಕಾಲು ಹಿಡಿಯೋಣ. ಅಭ್ಯರ್ಥಿ ಇನ್ನೂ ಕಣದಲ್ಲಿದ್ದಾನೆ ಅಂದ್ರೆ ಇವರೂ ಕಟುಕರಲ್ಲ, ಒಪ್ತಾರೆ.” ನಗಲು ನೋಡಿದರು. “ನಿಲ್ಲೋದಕ್ಕೆ ಒಂದು ಮತ ಇದ್ರೆ ಸಾಕಲ್ಲ. ಯಾರು ಹಾಕಲಿ ಬಿಡಲಿ, ನಿಂದೊಂದು ಇದ್ದೇ ಇದೆ.”

ಹೌದು ಎಂದುಬಿಡಬಹುದಿತ್ತು. ಒಂದು ವಾರದಲ್ಲಿ ಅಕಾಡೆಮಿಯ ಪತ್ರ ಬಂದು ಆ ಸುಳ್ಳು ಬಯಲಾಗುತ್ತಿತ್ತು, ಅಷ್ಟೇ. ಆದರೂ ಆ ಒಂದು ವಾರಕ್ಕಾಗಿ ಅವಳ ಜೀವ ಹಾತೊರೆಯಿತು.

“ಸೊನ್ನೆ, ಮೇಷ್ಟ್ರೇ.”

ಅವರಿಗೆ ಅರ್ಥವಾಗಲಿಲ್ಲ. ಹುಬ್ಬು ಗಂಟಿಕ್ಕಿ ಅವಳನ್ನೇ ನೋಡಿದರು. ಆಮೇಲೆ ಎದ್ದು ಹತ್ತಿರ ಬಂದು, ಅವಳ ಹಣೆಗೆ ತಮ್ಮ ತಣ್ಣನೆಯ ಅಂಗೈ ಇಟ್ಟರು.

“ಹುಷಾರಿರ್ಲಿಲ್ವೇನಮ್ಮಾ? ಸಭೆಗೆ ಹೋಗೋಕಾಗ್ಲಿಲ್ವಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

“ಹೋಗಿದ್ದೆ,” ಎಂದಳು.

ಹಣೆಯ ಮೇಲಿನ ಕೈ ಮೆಲ್ಲಗೆ ಇಳಿಯಿತು. ಮೇಷ್ಟ್ರು ಹಿಂತಿರುಗಿ ಹೋಗಿ, ಸಾಲಾಗಿ ಮಲಗಿದ್ದ ಕೊಳವೆಗಳ ನಡುವೆ ಕೂತು, ಅರ್ಧ ಸುತ್ತಿದ್ದ ಕಂಬಳಿಯನ್ನು ಪೂರ್ತಿ ಸುತ್ತಿ ದಾರ ಕಟ್ಟಿದರು. ಗಂಟು ಸರಿ ಕೂರಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದರು. ಅವಳು ಸ್ವೆಟರನ್ನು ಎದೆಗೆ ಒತ್ತಿಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ಒಳಗೆ ಬರಲೋ ಹೊರಗೆ ಹೋಗಲೋ ತಿಳಿಯಲಿಲ್ಲ.

“ಬಾಗಿಲು ಹಾಕು,” ಎಂದರು ಮೇಷ್ಟ್ರು, ಅವಳತ್ತ ನೋಡದೆ. “ತಂಪು ಹೋಗತ್ತೆ.”